ಕ್ಷೌರದಂಗಡಿಯ ಪಿಯಾನೊ

ರಾಣೆಬೆನ್ನೂರು ಸ್ಟೇಶನ್ ರಸ್ತೆಯಲ್ಲಿ ನನ್ನ ಗಡ್ಡ ಕೆರೆಯುತ್ತಿದ್ದ ಕ್ಷೌರಿಕನ ಬಳಿ ಇದ್ದದ್ದು ಒಂದೇ ಸಂಗೀತ. ಯಾವನೋ ಗಿರಾಕಿ ಮರೆತುಹೋದ ಪೆನ್‌ಡ್ರೈವಿನಲ್ಲಿ ಪಿಯಾನೊ, ಬಾಸ್, ಡ್ರಮ್ ನುಡಿಸುವ ಮೂವರ ಜಾಝ್ ಆಲ್ಬಮ್. ಹಾಡುವವರಿಲ್ಲ. ಮೂವರಿಗೂ ಅಂದೇ ಹೆಣ ಎತ್ತಿ ಬಂದಷ್ಟು ದುಃಖ. ಡ್ರಮ್ಮಿನವನಂತೂ ಮಲಗಿದ ಕೂಸು ಎದ್ದೀತೆಂದು ಹೆದರಿದವನಂತೆ ಬಾರಿಸುತ್ತಿದ್ದ. ಯಾರು ಗೊಣಗಿದರೂ ಕ್ಷೌರಿಕ ಕತ್ತಿ ಕೆಳಗಿಟ್ಟು, “ತಡೀರಿ, ಪದಾ ಮುಗೀಲಿ” ಎಂದು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ.

ಒಂದು ಬೆಳಿಗ್ಗೆ ಊರಿನ ಪುಢಾರಿಯೊಬ್ಬ ನನಗಿಂತ ಮೊದಲು ಕುರ್ಚಿ ಹಿಡಿದಿದ್ದ. ಅವನ ತಂದೆ ತೀರಿ ತಿಂಗಳಾಗಿತ್ತು. ಒಂದು ಕೆನ್ನೆ ಬೋಳಾಗಿ, ಇನ್ನೊಂದರ ಮೇಲೆ ನೊರೆ ಇದ್ದಾಗ ಗದರಿದ: “ಏನಲೇ ಇದು, ಸತ್ತವರ ಮನಿ ಹಂಗ? ಬಂದ್ ಮಾಡು, ಮೀಟಿಂಗಿಗೆ ಹೊತ್ತಾತು!”

“ತಡೀರಿ ಸಾಹೇಬ್ರ, ಪದಾ ಮುಗೀಲಿ.”

ಅರ್ಧ ಗಡ್ಡದಲ್ಲಿ ಎದ್ದು ಹೋಗಲಾಗದೆ ಪುಢಾರಿ ಕೂತ. ಬೈದ, ಫೋನ್ ತೆಗೆದ, ಮತ್ತೆ ಇಟ್ಟ. ಪಿಯಾನೊ ನಿಧಾನಕ್ಕೆ ಇಳಿಯುತ್ತಿದ್ದಂತೆ ನೊರೆಯ ಮೇಲೆ ಕಣ್ಣೀರು ಹರಿಯಿತು.

“ಮಣ್ಣು ಮಾಡೂಮುಂದ ಬಂದ ಮಂದೀನ ಮಾತಾಡ್ಸಕೋತ ನಿಂತಿದ್ದೆ. ಅಪ್ಪಗ ಅಳಲೇ ಇಲ್ಲೋ ನಾ,” ಎಂದ.

ಬೆಂಚಿನ ಮೇಲಿದ್ದ ನಾವೆಲ್ಲ ಗೋಡೆಯ ಕ್ಯಾಲೆಂಡರ್ ಓದತೊಡಗಿದೆವು. ಕ್ಷೌರಿಕ ಕತ್ತಿ ಎತ್ತಲಿಲ್ಲ. ಅದೇ ಪದವನ್ನು ಮತ್ತೆ ಮೊದಲಿನಿಂದ ಹಚ್ಚಿದ.

“ಪೂರಾ ಅತ್ತಬಿಡ್ರಿ ಸಾಹೇಬ್ರ. ಕತ್ತಿ ಹಚ್ಚಿದಾಗ ಅಲುಗಾಡಿದ್ರ ಕೊಯ್ತೈತಿ.”