ಕುಂಕುಮ ಹಚ್ಚಿದ ನಾಲ್ಕು ಸೌಂಡ್ ಕಾರ್ಡು

ಡ್ರಾಯರಿನಲ್ಲಿ ಏನೋ ಹುಡುಕುವಾಗ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕೈಗೆ ಸಿಕ್ಕಿತು. ಹೆಬ್ಬೆರಳಷ್ಟು ಉದ್ದದ ನಾಲ್ಕು ಸೌಂಡ್ ಕಾರ್ಡುಗಳು. ಕಂಪ್ಯೂಟರಿಗೆ ಸಿಕ್ಕಿಸಿ ಮೈಕ್ ಜೋಡಿಸುವಂಥವು. ನಾಲ್ಕರ ಬೆನ್ನ ಮೇಲೂ ಕುಂಕುಮ, ಸಂದಿಯಲ್ಲಿ ವಿಭೂತಿ. ಮೂಗಿನ ಹತ್ತಿರ ತಂದೆ. ಊದಿನಕಡ್ಡಿಯ ವಾಸನೆ ಇನ್ನೂ ಉಳಿದಿತ್ತೋ, ನನಗೇ ಹಾಗನ್ನಿಸಿತೋ…

ಇವು ಕಾಕಾನವು. ರಾಯಚೂರಿನಲ್ಲಿ ನಮ್ಮ ಮನೆಯೆದುರು ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟಿದ್ದವರು. ನಮಗೆ ಬಳಗವೇನಲ್ಲ, ಓಣಿಗೆಲ್ಲ ಅವರು ಕಾಕಾ. ನಾನು ಆಗ ಮಾನ್ವಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನಾನು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದು, “ಬಾರವಾ ಟೀಚರ್, ಚಾ ಕುಡದು ಹೋಗು” ಎನ್ನುತ್ತಿದ್ದರು. ಚಹಾಕ್ಕೆ ಕರೆದರೆಂದರೆ ಕಂಪ್ಯೂಟರಿನಲ್ಲಿ ಏನೋ ಸಿಕ್ಕು ಬಿದ್ದಿದೆ ಎಂದೇ ಲೆಕ್ಕ.

ಅವರಿಗೆ ಒಂದೇ ಹಂಬಲವಿತ್ತು. ದೇವದುರ್ಗದ ಕಡೆ ಮಸರಕಲ್ಲಿನಲ್ಲಿದ್ದ ಅವರ ಅಕ್ಕ ತತ್ವಪದ ಹಾಡುತ್ತಿದ್ದರು. ಓದು ಬರಹ ಬಾರದ ಹೆಣ್ಣುಮಗಳು, ಪದಗಳೆಲ್ಲ ಬಾಯಲ್ಲೇ. ಆ ದನಿ ಗಟ್ಟಿ ಇರುವಾಗಲೇ ಹಿಡಿದಿಡಬೇಕು. ಅದೂ ದನಿಗೊಂದು, ಏಕತಾರಿಗೊಂದು, ದಮ್ಮಡಿಗೊಂದು, ತಾಳಕ್ಕೊಂದು ಮೈಕ್ ಇಟ್ಟು. ನಾಲ್ಕು ಮೈಕ್ ಹಿಡಿಯುವ ದೊಡ್ಡ ಪೆಟ್ಟಿಗೆ ಅವರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ನಾಲ್ಕು ಚಿಕ್ಕ ಕಾರ್ಡು ತಂದು, ಅವನ್ನು ಕಂಪ್ಯೂಟರಿನೊಳಗೆ ಒಂದೇ ಎಂಬಂತೆ ಜೋಡಿಸಲು ನನ್ನ ಬೆನ್ನು ಬಿದ್ದರು.

ಜೋಡಿಸುವುದು ಸುಲಭ, ಜೊತೆಗೆ ನಡೆಸುವುದೇ ಕಷ್ಟ. ಪ್ರತಿ ಕಾರ್ಡಿನೊಳಗೂ ಅದರದೇ ಗಡಿಯಾರವಿರುತ್ತದೆ. ಒಂದು ಕೂದಲೆಳೆಯಷ್ಟು ಮುಂದೆ, ಇನ್ನೊಂದು ಹಿಂದೆ. ಒಂದನ್ನು ಮುಂದಾಳು ಮಾಡಿ ಪರದೆಯ ಮೇಲೆ ಉಳಿದ ಮೂರರ ಮುಂದಿನ ಚೌಕದಲ್ಲಿ ಟಿಕ್ ಹಾಕಿದರೆ ಅವು ಅದರ ಹೆಜ್ಜೆ ಹಿಡಿಯುತ್ತವೆ. ಕಾಕಾಗೆ ಇದು ತಟ್ಟನೆ ಹೊಳೆಯಿತು. “ಭಜನ್ಯಾಗ ತಾಳ ಹಿಡದಾಂವ ಒಬ್ಬನ ಇರಬೇಕಲ್ಲ, ಹಂಗ” ಎಂದರು. ನಾಲ್ಕೂ ಒಂದೇ ಥರ ಇದ್ದುದರಿಂದ ಮುಂದಾಳು ಕಾರ್ಡಿನ ಬೆನ್ನಿಗೆ ಕುಂಕುಮದ ಬೊಟ್ಟಿಟ್ಟು ಅದಕ್ಕೆ ‘ಗುರು’ ಎಂದು ಹೆಸರಿಟ್ಟರು.

ಒಂದು ಭಾನುವಾರ ಬೆಳಗ್ಗೆ ಮಸರಕಲ್ಲಿಗೆ ಹೋದೆವು. ನಾನು ಮೈಕಿನ ವೈರು ಬಿಡಿಸುತ್ತಿದ್ದೆ. ಹಾಡುವ ಮೊದಲು ವಾದ್ಯಗಳಿಗೆ ಪೂಜೆ ಮಾಡುವುದು ಅವರ ರೂಢಿ. ಅಕ್ಕ ಏಕತಾರಿಗೆ, ದಮ್ಮಡಿಗೆ ವಿಭೂತಿ ಕುಂಕುಮ ಹಚ್ಚಿದವರು, “ಇವೂ ವಾದ್ಯನ ಅಲ್ಲೇನು?” ಎಂದು ತಟ್ಟೆಯಲ್ಲಿದ್ದ ನಾಲ್ಕೂ ಕಾರ್ಡಿಗೆ ಬೊಟ್ಟಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಲ್ಕಕ್ಕೂ ಬೊಟ್ಟು ಬಿದ್ದ ಮೇಲೆ ಈಗ ಗುರು ಯಾವುದು? ಅಂದಾಜಿಗೆ ಒಂದನ್ನು ಮುಂದಾಳು ಮಾಡಿದೆ. ಅನುಮಾನ ಬಂತು, ಇನ್ನೊಂದಕ್ಕೆ ಬದಲಿಸಿದೆ. ಹಾಗೆ ಬದಲಿಸಿದಾಗ ಉಳಿದವುಗಳ ಟಿಕ್ ಅಳಿಸಿಹೋಗುತ್ತವೆ, ಮತ್ತೆ ಹಾಕಬೇಕು. ಮಕ್ಕಳಿಗೆ ಪಾಠ ಹೇಳುವವಳಿಗೆ ಅಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಏಕತಾರಿ ಆಗಲೇ ಮಿಡಿಯುತ್ತಿತ್ತು, ಶುರು ಮಾಡಿದರೆ ಮಂಗಳದವರೆಗೆ ಅವರು ನಿಲ್ಲಿಸುವವರಲ್ಲ. ಕಾಕಾ ಪಿಸುಗುಟ್ಟಿದರು: “ಟಿಕ್ ಎಲ್ಲಾ ನೋಡಿದಿಯೇನವಾ?”

“ಹ್ಞೂಂ ಕಾಕಾ.”

ನೋಡಿರಲಿಲ್ಲ.

ಒಂದೂವರೆ ತಾಸು ಹಾಡಿದರು. ಅಂಥ ದನಿಯನ್ನು ನಾನು ಆಮೇಲೆ ಕೇಳಿಲ್ಲ… ಮರುದಿನ ಅಂಗಡಿಯಲ್ಲಿ ಕೂತು ಕೇಳಿದೆವು. ಮೊದಲ ಪದ ಸರಿಯಿತ್ತು. ನಾಲ್ಕನೆಯದರಲ್ಲಿ ತಾಳ ತಡವರಿಸಿತು. ಕೊನೆಕೊನೆಗೆ ದನಿ ಒಂದು ಕಡೆ, ತಾಳ ಒಂದು ಕಡೆ. “ತಾಳ ಹಿಂದ ಬಿದ್ದದ” ಎಂದರು ಕಾಕಾ. “ಕಾರ್ಡು ಅಗ್ಗದ್ವು ಕಾಕಾ, ಅದಕ್ಕ ಹಂಗ” ಎಂದೆ ನಾನು. ಪರದೆಯ ಮೇಲೆ ಆ ಖಾಲಿ ಚೌಕಗಳು ಕಾಣುತ್ತಲೇ ಇದ್ದವು. ಅವರು ಅವನ್ನು ನೋಡಿದರು, ನನ್ನನ್ನು ನೋಡಲಿಲ್ಲ. “ಇರಬೌದು. ಇನ್ನೊಮ್ಮಿ ಹೋಗೂಣು” ಎಂದಷ್ಟೇ ಅಂದರು.

ಇನ್ನೊಮ್ಮೆ ಹೋಗಲಾಗಲಿಲ್ಲ. ಅದೇ ತಿಂಗಳು ಅಕ್ಕನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಆಮೇಲೆ ಅಕ್ಕನೂ ಉಳಿಯಲಿಲ್ಲ.

ಅಂದಿನಿಂದ ಕಾಕಾ ರಿಪೇರಿಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ತಾಳದ ಒಂದೊಂದು ಪೆಟ್ಟನ್ನೂ ಕತ್ತರಿಸಿ, ಎಳೆದು, ದನಿಗೆ ಕೂಡಿಸುತ್ತಿದ್ದರು. ಇಡೀ ತಾಳವನ್ನು ಒಂದೇ ಸಲಕ್ಕೆ ಹಿಗ್ಗಿಸಿ ಕುಗ್ಗಿಸಿ ಕೂಡಿಸುವ ದಾರಿಯಿತ್ತು. ಅದನ್ನು ತೋರಿಸಿದರೆ ತಪ್ಪು ಎಲ್ಲಿಂದ ಬಂತೆಂದೂ ಹೇಳಬೇಕಾಗುತ್ತಿತ್ತು. ನಾನು ಹೇಳಲಿಲ್ಲ. ಅಂಗಡಿಯ ಮುಂದೆ ಬರುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ಮನೆ ಸೇರತೊಡಗಿದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಕಾಕಾ ಹೋದ ಮೇಲೆ ಅವರ ಮನೆಯವರು ಈ ಕಟ್ಟನ್ನೂ ಒಂದು ಹಾರ್ಡ್ ಡಿಸ್ಕನ್ನೂ ತಂದುಕೊಟ್ಟರು. “ಟೀಚರ್‌ಗೇ ಕೊಡು ಅಂದಿದ್ರವಾ” ಎಂದರು. ತೆರೆಯಲು ಧೈರ್ಯ ಬರಲಿಲ್ಲ. ಡ್ರಾಯರಿಗೆ ಹಾಕಿ ಮರೆತಂತೆ ಇದ್ದೆ.

ಇವತ್ತು ತೆರೆದೆ. ಆರು ಪದಗಳನ್ನು ಕಾಕಾ ಕೈಯಾರೆ ಕೂಡಿಸಿದ್ದರು. ಏಳನೆಯದರ ನಡುವೆ ಕೆಲಸ ನಿಂತಿತ್ತು. ಉಳಿದದ್ದನ್ನು ನಾನು ಆ ಒಂದೇ ಸಲದ ದಾರಿಯಲ್ಲಿ ಮಧ್ಯಾಹ್ನದೊಳಗೆ ಮುಗಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಮಂಗಳ ಮುಗಿದ ಮೇಲೂ ಮೈಕುಗಳು ತೆರೆದೇ ಇದ್ದವು. “ಎಲ್ಲಾ ಬಂತೇನೋ ತಮ್ಮಾ?” ಎಂದು ಅಕ್ಕ ಕೇಳುತ್ತಾರೆ. ಕಾಕಾ ಉತ್ತರ ಕೊಡುತ್ತಾರೆ. ನಾಲ್ಕು ಮೈಕಿನಲ್ಲೂ ಅದು ಬಿದ್ದಿದೆ, ಗಡಿಯಾರಗಳು ಬೇರೆಯಾದ್ದರಿಂದ ಒಂದರ ಬೆನ್ನಿಗೆ ಒಂದರಂತೆ ನಾಲ್ಕು ಸಲ ಕೇಳುತ್ತದೆ:

“ಬಂದದ ಯಕ್ಕಾ. ಟೀಚರ್ ಎಲ್ಲಾ ನೋಡ್ಯಾಳ.”

ಅದೊಂದನ್ನು ಕೂಡಿಸಲು ಕೈ ಬರಲಿಲ್ಲ. “ಇಲ್ಲ ಕಾಕಾ, ನೋಡಿರಲಿಲ್ಲ” ಎಂದೆ, ಜೋರಾಗಿಯೇ. ಎದುರಿನ ಅಂಗಡಿಯ ಬಾಗಿಲು ಹಾಕಿತ್ತು.