ಇಸ್ತ್ರಿ ಹಾಕಿದ ಪೊದೆ

ಮೇಲಿನ ಮಹಡಿಯ ಪರದೆ ಅಕ್ಕನಿಗೆ ಸೋಪು ಕೊಳ್ಳುವ ಶಕ್ತಿಯೂ ಇಲ್ಲವೆಂದು ನಾನು ಒಂದು ವರ್ಷ ಸುಮ್ಮನೆ ಮರುಗಿದ್ದೇನೆ. ಪರದೆ ಅಂಗಡಿಯಲ್ಲಿ ಅಂಚು ಹೊಲಿಯುವವರು, ಅದಕ್ಕೇ ಆ ಹೆಸರು. ತಾರಸಿಯ ತಂತಿಯಲ್ಲಿ ಅವರದೊಂದು ಕೋಟು ಸದಾ ನೇತಾಡುತ್ತಿತ್ತು: ಗೋಣಿ ಚಿಂದಿ, ಪರದೆ ತುಂಡು, ಜೋಲುವ ಸೆಣಬು, ಮೇಲೆ ಒಣಗಿದ ಕೆಸರು. ಎಂಟು ಮನೆಗಳ ಸಂಘದ ಕಾರ್ಯದರ್ಶಿ ನಾನು, ನೋಡಿಯೂ ಸುಮ್ಮನಿರಲಾದೀತೆ? ಒಂದು ಶನಿವಾರ ಅದನ್ನು ಗುಟ್ಟಾಗಿ ಲಾಂಡ್ರಿಗೆ ಒಯ್ದು, ಸೋಪಿನ ಪುಡಿ, ನೀಲಿ ಎರಡೂ ಹಾಕಿಸಿ, ಇಸ್ತ್ರಿ ಮಾಡಿಸಿ, ಮಧ್ಯಾಹ್ನ ನಮ್ಮ ಬಾಗಿಲಲ್ಲೇ ಅವರ ಕೈಗಿಟ್ಟೆ. ಅವರ ಧನ್ಯವಾದಕ್ಕೆ ವಿನಯದ ಉತ್ತರವೂ ತಯಾರಿತ್ತು.

ಅಕ್ಕ ಕೋಟನ್ನು ಮೂಸಿದರು. ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಸಿದರು.

"ಇಸ್ತ್ರೀನೂ ಮಾಡಿಸಿದ್ರಾ?"

"ಗೆರೆ ನೋಡಿ, ಎಷ್ಟು ಚೆನ್ನಾಗಿ ಕೂತಿದೆ!"

"ಎಂಟು ತಿಂಗಳು ಕೆರೆ ಕೆಸರಲ್ಲಿ ನೆನೆಸಿ ನೆನೆಸಿ ಸೋಪಿನ ವಾಸನೆ ಕಳೆದಿದ್ದೆ, ಸೆಕ್ರೆಟರಿಗಳೇ."

ಆಗ ತಿಳಿಯಿತು. ಬಸ್ ಡಿಪೋ ಹಿಂದಿನ ನೀರು ನಿಂತ ಹಳೇ ಇಟ್ಟಿಗೆ ಹೊಂಡದ ದಡದಲ್ಲಿ ನೀರುನಾಯಿಯೊಂದು ಮರಿ ಹಾಕಿತ್ತು. ಹನ್ನೊಂದು ಭಾನುವಾರ ಅಕ್ಕ ಆ ಕೋಟು ತೊಟ್ಟು ಜೊಂಡಿನಲ್ಲಿ ಬೋರಲಾಗಿ ಮಲಗಿದ್ದರು. ಅವರಿಗೆ ತಾಯಿ ಕಂಡಿತ್ತು, ಮರಿಗಳು ಕಂಡಿರಲಿಲ್ಲ. ಮರಿಗಳಿಗೆ ಈಜು ಬಂದರೆ ತಾಯಿ ಅವುಗಳನ್ನು ನದಿಗೆ ಒಯ್ದುಬಿಡುತ್ತದೆ. ಉಳಿದಿದ್ದು ನಾಳೆಯ ಒಂದೇ ಭಾನುವಾರ. ಸೋಪಿನ ವಾಸನೆ ಬಡಿದರೆ ನೀರುನಾಯಿ ಹತ್ತಿರವೂ ಸುಳಿಯದು. ನಾನು ಆ ಕೋಟಿಗೆ ಮಲ್ಲಿಗೆ ಪರಿಮಳ ಹಾಕಿಸಿದ್ದೆ.

ಒಳಗಿಂದ ಬಂದ ನನ್ನ ಹೆಂಡತಿ, "ಬೈದುಬಿಡಿ ಅಕ್ಕಾ, ನನಗೂ ಸಮಾಧಾನ ಆಗುತ್ತೆ" ಎಂದಳು.

ಅಕ್ಕ ಬೈಯಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. ನಮ್ಮ ಹೊಸ್ತಿಲನ್ನೇ ದಿಟ್ಟಿಸಿ ಕೇಳಿದರು: "ಈ ಕಾಲೊರಸು ಒಗೆದು ಎಷ್ಟು ದಿನ ಆಯ್ತು?"

ಹೆಂಡತಿ ತಲೆ ತಗ್ಗಿಸಿದಳು. "ಒಗೆದೇ ಇಲ್ಲ."

"ಭೇಷ್. ಎಂಟೂ ಮನೇದು ಬೇಕು."

ಹಿಂದಿನ ವಾರವಷ್ಟೇ ಸ್ವಚ್ಛತೆಯ ಸುತ್ತೋಲೆ ಹೊರಡಿಸಿದ್ದ ನಾನು ಮನೆಮನೆಗೆ ಹೋಗಿ, "ನಿಮ್ಮ ಕಾಲೊರಸು ಕೊಳಕಾಗಿದೆ ತಾನೆ? ದಯವಿಟ್ಟು ಕೊಡಿ" ಎಂದು ಬೇಡಿದೆ. ಆರು ಜನ ಬಾಯಿ ಬಿಟ್ಟುಕೊಂಡು ಕೊಟ್ಟರು.

ಅಕ್ಕ ಕಾಲೊರಸುಗಳ ಅಂಚು ಬಿಚ್ಚಿ, ಎಳೆ ಕೆದರಿ, ಬೇಕೆಂದೇ ಸೊಟ್ಟಸೊಟ್ಟ ಹೊಲಿದರು. "ಮೂವತ್ತು ವರ್ಷ ನೇರ ಹೊಲಿದಿದ್ದೀನಿ. ಜೊಂಡಲ್ಲಿ ಯಾವುದೂ ನೇರ ಇರಲ್ಲ." ಸಂಜೆಗೆ ಹೊಸ ಕೋಟು ಮುಗಿಯಿತು, ಮಿಕ್ಕಿದ್ದರಲ್ಲಿ ಇನ್ನೊಂದು ಹೊದಿಕೆಯೂ ಆಯಿತು. "ಇವರನ್ನೂ ಕರ್ಕೊಂಡು ಹೋಗಿ," ಎಂದಳು ನನ್ನಾಕೆ, "ಏನು ಹಾಳು ಮಾಡೋಕೆ ಹೊರಟಿದ್ರು ಅಂತ ಕಣ್ಣಾರೆ ನೋಡ್ಲಿ."

ಬೆಳಕು ಹರಿಯುವಾಗ ಇಬ್ಬರೂ ಜೊಂಡಿನಲ್ಲಿದ್ದೆವು. ಇರುವೆ ನನ್ನ ಕಿವಿಯೊಳಗೆ ಸಂಸಾರ ಹೂಡಿತ್ತು. ಇದ್ದಕ್ಕಿದ್ದಂತೆ ನೀರು ಸೀಳಿತು. ತಾಯಿ, ಅದರ ಹಿಂದೆ ಒಂದು ಮರಿ, ಎರಡು, ಮೂರು! ನನ್ನ ಮೂಗಿನಿಂದ ಒಂದು ಮಾರು ದೂರದಲ್ಲಿ ಮೈ ಕೊಡವಿದವು. ಪಕ್ಕದಲ್ಲಿ ಅಕ್ಕನ ಕಣ್ಣೀರು ಸೀದಾ ಕೆಸರಿಗಿಳಿಯುತ್ತಿತ್ತು. ತಾಯಿ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಮರಿಗಳೊಂದಿಗೆ ನೀರಿಗಿಳಿಯಿತು.

ಸ್ವಲ್ಪ ಹೊತ್ತಿಗೆ ಪಿಸುಗುಟ್ಟಿದೆ: "ಅಕ್ಕಾ, ನನ್ನ ಬಗ್ಗೆ ಅದು ಏನಂದ್ಕೊಂಡಿರಬಹುದು?"

"ಏನೂ ಅಂದ್ಕೊಂಡಿಲ್ಲ. ಅದಕ್ಕೆ ಬೇರೆ ಕೆಲಸ ಇದೆ."