ಮೂವತ್ತೈದೂವರೆ ತೂಕದ ಮುಡಿ

ಕ್ಲೋರಿನ್‌ನ ಪರಮಾಣು ತೂಕ ಮೂವತ್ತೈದೂವರೆ ಎಂದು ಎಲ್ಲಿ ಕಂಡರೂ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಸಂಖ್ಯೆಯದೇನೂ ತಪ್ಪಿಲ್ಲ.

ಆಗಷ್ಟೇ ಎರಡನೇ ಮಹಾಯುದ್ಧ ಮುಗಿದಿತ್ತು. ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಪೇಪರು ಓದುವವರ ಬಾಯಲ್ಲೆಲ್ಲ ಪರಮಾಣುವಿನ ಮಾತು. ನಮ್ಮ ಪಠ್ಯಪುಸ್ತಕ ಮಾತ್ರ ಒಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವು ಎಂಬ ಹಳೆಯ ಪಾಠವನ್ನೇ ಒಪ್ಪಿಸುತ್ತಿತ್ತು. ಹಾಗಾದರೆ ಕ್ಲೋರಿನ್ ತೂಕದಲ್ಲಿ ಈ ಅರ್ಧ ಎಲ್ಲಿಂದ ಬಂತು ಎಂದು ಹಿಂದಿನ ಬೆಂಚಿನವಳೊಬ್ಬಳು ಕೇಳಿದಳು. ಮಣ್ಣಗುಡ್ಡದ ಹುಡುಗಿ, ಮನೆಗೆ ಗೇಣಿಯ ಅಕ್ಕಿ ಬರುತ್ತಿತ್ತು.

ನಾನು ಅಕ್ಕಿಮುಡಿಯ ಲೆಕ್ಕ ಹೇಳಿದೆ. ಬೈಹುಲ್ಲಿನಲ್ಲಿ ಕಟ್ಟುವ ಮುಡಿಗೆ ಅಕ್ಕಿ ತುಂಬುವುದು ಸೇರಿನಲ್ಲಿ ಅಳೆದು, ತೂಗಿ ಅಲ್ಲ. ಅಟ್ಟದಲ್ಲಿ ಇರುವುದೆಲ್ಲ ಮುಡಿಯೇ, ಆದರೆ ಎತ್ತಿದರೆ ಒಂದು ಹಗುರ, ಒಂದು ಭಾರ. ಗಂಜಿ ಬೇಯಿಸಿದರೆ ಎರಡೂ ಒಂದೇ. ಮೂರು ಮುಡಿಯ ತೂಕ ಮೂವತ್ತೈದರಂತೆ, ಒಂದರದ್ದು ಮೂವತ್ತೇಳು ಎಂದಿಟ್ಟುಕೊಂಡರೆ ಸರಾಸರಿ ಎಷ್ಟು ಎಂದೆ.

"ಮೂವತ್ತೈದೂವರೆ ಟೀಚರೇ. ಆದ್ರೆ ಅಷ್ಟು ತೂಕದ ಮುಡಿ ಅಲ್ಲಿ ಒಂದೂ ಇಲ್ಲ ಅಲ್ವಾ?"

ಕ್ಲೋರಿನ್ ಕಥೆಯೂ ಇದೇ, ಒಂದೇ ಧಾತುವಿನ ಇಂಥ ಹಗುರ, ಭಾರದ ಪರಮಾಣುಗಳನ್ನು ಐಸೋಟೋಪುಗಳು ಎನ್ನುತ್ತಾರೆ ಎಂದು ಹೇಳಿ ಪಾಠ ಮುಗಿಸಿದೆ.

ಸೆಲೆಕ್ಷನ್ ಪರೀಕ್ಷೆ ಬಂತು. ಇದರಲ್ಲಿ ಪಾಸಾದವರನ್ನು ಮಾತ್ರ ಪಬ್ಲಿಕ್ ಪರೀಕ್ಷೆಗೆ ಕೂರಿಸುವುದು. ಉತ್ತರ ತಿದ್ದಿದವರು ಹಿರಿಯ ವಿಜ್ಞಾನ ಮಾಸ್ಟ್ರು, ಘಟ್ಟದ ಮೇಲಿನವರು. ಅವರ ಊರಿನಲ್ಲಿ ಅಕ್ಕಿ ಬರುವುದು ಗೋಣಿಯಲ್ಲಿ. ಕ್ಲೋರಿನ್ ತೂಕದ ಪ್ರಶ್ನೆಗೆ ಹುಡುಗಿ ಮುಡಿಯ ಲೆಕ್ಕವನ್ನೇ ಬರೆದಿದ್ದಳು. ಅವರು ಇಡೀ ಉತ್ತರಕ್ಕೆ ಕೆಂಪು ಗೀಟು ಎಳೆದಿದ್ದರು. ಆ ಒಂದು ಉತ್ತರದಿಂದ ಅವಳು ಫೇಲು.

ಕೇಳಲು ಹೋದೆ. ಅವರು ಮೊಸರನ್ನ ಕಲಸುತ್ತಿದ್ದರು.

"ಕ್ಲೋರಿನ್ ಕೇಳಿದ್ರೆ ಅಕ್ಕಿ ಬರೆದಿದ್ದಾಳಲ್ರೀ. ನನ್ನನ್ನೇ ತಮಾಷೆ ಮಾಡ್ತಾಳಾ?"

ಮುಡಿ ಎಂದರೇನೆಂದು ಬಿಡಿಸಿ ಹೇಳಿದೆ. ಪುಸ್ತಕದಲ್ಲಿ ಇಲ್ಲ ಎಂದರು. ಪುಸ್ತಕವೇ ತಪ್ಪು ಎಂದೆ. ಹಾಗಾದರೆ ಪಬ್ಲಿಕ್ ಪರೀಕ್ಷೆಯ ಪೇಪರು ತಿದ್ದುವವರಿಗೂ ನೀವೇ ಹೋಗಿ ಪಾಠ ಹೇಳಿ ಬನ್ನಿ ಎಂದು ಮತ್ತೊಂದು ತುತ್ತು ಬಾಯಿಗಿಟ್ಟರು. ನನ್ನ ಮೈಯೆಲ್ಲ ಉರಿಯಿತು.

ಮರುದಿನ ನನ್ನ ಕಾಲೇಜಿನ ಪುಸ್ತಕ ತಂದು ಹೆಡ್‌ಮಾಸ್ಟ್ರ ಮೇಜಿನ ಮೇಲೆ ಆ ಪುಟ ಬಿಡಿಸಿಟ್ಟೆ. ಅವರು ನಿಧಾನವಾಗಿ ಓದಿದರು, ಅರ್ಥವೂ ಮಾಡಿಕೊಂಡರು. ಆಮೇಲೆ ಹುಡುಗಿಗೆ ಗ್ರೇಸ್ ಮಾರ್ಕು ಕೊಟ್ಟು ದಾಟಿಸುವ ಎಂದರು. ಹಿರಿಯ ಮಾಸ್ಟ್ರ ಮನಸ್ಸು ನೋಯಿಸುವುದು ಬೇಡವಂತೆ.

"ಗ್ರೇಸ್ ಬೇಡ ಸಾರ್. ಉತ್ತರ ಸರಿ ಉಂಟು. ಅದರದ್ದೇ ಮಾರ್ಕು ಕೊಡಿ."

"ನಿಮಗೆ ಈಗ ಹುಡುಗಿ ಪಾಸಾಗ್ಬೇಕಾ, ನಿಮ್ಮ ಮುಡಿ ಪಾಸಾಗ್ಬೇಕಾ?"

ನಾನು ಪುಸ್ತಕ ಮಡಚಿಕೊಂಡು ಹೊರಗೆ ಬಂದೆ. ಅವಳ ಒಂದು ವರ್ಷ ಅವರ ಕೈಯಲ್ಲಿತ್ತು. ದಯೆ ತೋರಿಸಿದವರ ಮುಖದಲ್ಲಿ ಎಷ್ಟು ಸಮಾಧಾನ! ಸರಿಯಾಗಿ ಬರೆದವಳು ಅವರ ದಯೆ ಯಾಕೆ ತಿನ್ನಬೇಕು?

ಸಂಜೆ ಹುಡುಗಿ ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು. ಪಾಸಾದ ಖುಷಿ ಮುಖದಲ್ಲಿ ಅರ್ಧಕ್ಕೇ ನಿಂತಿತ್ತು.

"ಟೀಚರೇ, ನಾನು ಬರೆದದ್ದು ತಪ್ಪಾ?"

ತಪ್ಪಲ್ಲ ಎಂದೆ. ಮತ್ತೆ ಗ್ರೇಸ್ ಎಂತಕ್ಕೆ ಎಂದಳು. ಪತ್ರಿಕೆ ಕಸಿದುಕೊಂಡು, ಕೆಂಪು ಗೀಟಿನ ಪಕ್ಕದಲ್ಲಿ ನನ್ನ ಪೆನ್ನಿನಿಂದ ದೊಡ್ಡದಾಗಿ 'ಸರಿ' ಎಂದು ಬರೆದು ಸಹಿ ಹಾಕಿದೆ. ಕಾಗದ ಸ್ವಲ್ಪ ಹರಿಯಿತು.

"ಇದು ಲೆಕ್ಕಕ್ಕೆ ಉಂಟಾ ಟೀಚರೇ?"

"ಇಲ್ಲ," ಎಂದೆ.